ಲಾನಿಗೆ ಸಗಣಿ ನೀರು

ಗಿಡ ಬೆಳೆಸುವವರನ್ನು ಕಂಡರೆ ನನಗೆ ಬಹಳ ಗೌರವ. ಗಿಡ ಬೆಳೆಸುವ ವಿಡಿಯೋ ನೋಡುವವರನ್ನು ಕಂಡರೆ ಮೈ ಉರಿಯುತ್ತದೆ. ನನ್ನ ಗ್ರಹಚಾರಕ್ಕೆ ನಾನು ಕಟ್ಟಿಕೊಂಡಿರುವುದು ಈ ಎರಡನೇ ಜಾತಿಯವರನ್ನು. ಮದುವೆಗೆ ಮುಂಚೆ ನಮ್ಮಪ್ಪ, ಹುಡುಗನಿಗೆ ಬೀಡಿ ಇದೆಯೋ, ಇಸ್ಪೀಟು ಇದೆಯೋ, ಕುಡಿತ ಇದೆಯೋ ಎಂದು ಊರೆಲ್ಲ ವಿಚಾರಿಸಿ, ಒಂದೂ ಇಲ್ಲವೆಂದು ತಿಳಿದ ಮೇಲೆಯೇ ವೀಳ್ಯ ಕೊಟ್ಟಿದ್ದರು. ಪಾಪ, ಮುಂದೊಂದು ಕಾಲಕ್ಕೆ ಅಂಗೈಯಗಲದ ಫೋನು ಬರುತ್ತದೆ, ಅದರೊಳಗೆ ಯಾವನೋ ಚಡ್ಡಿ ಹಾಕಿಕೊಂಡವನು ಅವನ ಮನೆ ಹಿತ್ತಿಲು ಅಗೆಯುತ್ತಾನೆ, ಅದನ್ನು ನೋಡಿ ನೋಡಿ ತಮ್ಮ ಅಳಿಯ ಕೆಟ್ಟುಹೋಗುತ್ತಾನೆ ಎಂದು ಅವರಿಗೇನು ಕನಸು ಬಿದ್ದಿತ್ತೇ? ಕುಡಿಯುವ ಗಂಡನಾದರೆ ರಾತ್ರಿ ಒಂದಷ್ಟು ಕೂಗಾಡಿ ಮಲಗುತ್ತಾನೆ. ಅಂಗಳ ಸುಧಾರಣೆ ಮಾಡುವ ಗಂಡ ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಪಿಕಾಸಿ ಎಲ್ಲಿ ಎಂದು ಕೇಳುತ್ತಾನೆ.

ನಮ್ಮ ಮನೆ ಇರುವುದು ಕೋಲಾರದ ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ. ನಾನು ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಟೀಚರು. ನಮ್ಮ ಯಜಮಾನರು ನಾಗರಾಜು ಅವರಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಬೆಳಗಿನ ರೈಲಿಗೆ ಹೋಗಿ, ಕತ್ತಲಾದ ಮೇಲಿನ ರೈಲಿಗೆ ಬರುತ್ತಾರೆ. ಆ ರೈಲಿನಲ್ಲಿ ಪಾಸು ಮಾಡಿಸಿಕೊಂಡು ದಿನಾ ಓಡಾಡುವವರದೇ ಒಂದು ಗುಂಪಿದೆ. ಮೊದಲೆಲ್ಲ ಅವರು ಇಸ್ಪೀಟಾಡುತ್ತಿದ್ದರು, ರಾಜಕೀಯ ಮಾತಾಡುತ್ತಿದ್ದರು, ಒಬ್ಬರ ಡಬ್ಬಿಯ ಚಿತ್ರಾನ್ನ ಇನ್ನೊಬ್ಬರು ತಿನ್ನುತ್ತಿದ್ದರು. ಈಗ ತೋಟಗಾರಿಕೆಯ ವಿದ್ವಾಂಸರಾಗಿದ್ದಾರೆ. ಒಬ್ಬರು ಗೊಬ್ಬರದ ವಿಡಿಯೋ ತೋರಿಸಿದರೆ ಇನ್ನೊಬ್ಬರು ಕಾರಂಜಿಯದು ತೋರಿಸುತ್ತಾರೆ. ಅವರಲ್ಲಿ ಒಬ್ಬರ ಮನೆಯಲ್ಲೂ ಒಂದು ಹಿಡಿ ಕೊತ್ತಂಬರಿ ಬೆಳೆದ ಚರಿತ್ರೆಯಿಲ್ಲ. ಆದರೂ ಬಂಗಾರಪೇಟೆ ದಾಟಿ ಟೇಕಲ್ ಬರುವಷ್ಟರಲ್ಲಿ ನಮ್ಮ ಅಂಗಳದ ಹಣೆಬರಹ ತೀರ್ಮಾನವಾಗಿರುತ್ತದೆ.

ಲಾನಿನ ಕಥೆಗೆ ಬರುವ ಮುಂಚೆ ಹಿಂದಿನ ಸಾಹಸಗಳನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನನ್ನನ್ನೇ ಗಯ್ಯಾಳಿ ಅಂದುಕೊಳ್ಳುತ್ತೀರಿ. ಮೊದಲು ಬಂದದ್ದು ಗೋಡೆಯ ತೋಟ. ತಂಪು ಪಾನೀಯದ ಖಾಲಿ ಬಾಟಲಿಗಳನ್ನು ಅಡ್ಡಡ್ಡ ಕೊಯ್ದು, ಕಾಂಪೌಂಡಿನ ಮೇಲೆ ಸಾಲಾಗಿ ನೇತುಹಾಕಿ, ಅದರಲ್ಲಿ ಪಾಲಕ್ ಬಿತ್ತಿದರು. ಪಾಲಕ್ ಬರಲಿಲ್ಲ, ಸೊಳ್ಳೆ ಬಂತು. ಆಮೇಲೆ ಲಾರಿಯ ಹಳೇ ಟೈರುಗಳಿಗೆ ಹಳದಿ, ಕೆಂಪು ಬಣ್ಣ ಬಳಿದು ಅದರಲ್ಲಿ ಗುಲಾಬಿ ನೆಟ್ಟರು. ಯಾರೋ ದಾರಿಹೋಕ ಗೇಟು ತಟ್ಟಿ ಪಂಚರ್ ಹಾಕುತ್ತೀರಾ ಎಂದು ಕೇಳಿದ ದಿನ ಟೈರುಗಳು ಹಿತ್ತಿಲಿಗೆ ಹೋದವು. ಆಮೇಲೆ ಸಿಮೆಂಟಿನ ಬುದ್ಧನ ತಲೆ. ಹೆಂಡತಿ, ಮಗು, ಅರಮನೆ ಎಲ್ಲ ಬಿಟ್ಟು ಹೋದ ಮಹಾನುಭಾವ. ಅವನ ತಲೆಯೊಂದನ್ನು ಮಾತ್ರ ಹಿಡಿದು ತಂದು ನಮ್ಮ ಬಚ್ಚಲ ನೀರು ಹೋಗುವ ಕಡೆ ಕೂರಿಸಿದ್ದರು. ದಿನಾ ಪಾತ್ರೆ ತೊಳೆಯುವಾಗ ಅವನನ್ನು ನೋಡಿ, ಸ್ವಾಮೀ, ನೀನೇನೋ ತಪ್ಪಿಸಿಕೊಂಡೆ, ನನಗೆ ದಾರಿ ಯಾವುದು ಎಂದು ಕೇಳುತ್ತಿದ್ದೆ. ಹೂವಿನ ಪಾತಿಗೆ ಅಂಚು ಕಟ್ಟಲು ಪಕ್ಕದ ಚಾಂಪಿಯನ್ ರೀಫ್ಸಿನ ಸ್ನೇಹಿತರೊಬ್ಬರ ಮನೆಯಿಂದ ಗಣಿಯ ಕಾಲದ ಉರುಟು ಕಲ್ಲುಗಳು ಬಂದವು. ಆಳದ ಬಂಡೆಯನ್ನು ಪರೀಕ್ಷೆಗೆಂದು ಕೊರೆದು ತೆಗೆದ, ಒನಕೆ ತುಂಡಿನ ಹಾಗಿರುವ ಕಲ್ಲು. ನಮ್ಮೂರಿನಲ್ಲಿ ಅದರ ಬೇಲಿಯಿಲ್ಲದ ತೋಟವಿಲ್ಲ. ಅದೊಂದು ಚೆನ್ನಾಗಿತ್ತು ಎಂದು ಒಪ್ಪುತ್ತೇನೆ. ಪಾತಿಯಲ್ಲಿ ಹೂವು ಮಾತ್ರ ಇರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ರೋಗ ಉಲ್ಬಣಿಸಿತು. ಬೆಂಗಳೂರಿನಿಂದ ಒಬ್ಬ ಡಿಸೈನರನ್ನೇ ಕರೆದುಕೊಂಡು ಬಂದರು. ಗಡ್ಡ ಬಿಟ್ಟಿದ್ದ ಆ ಮನುಷ್ಯ ನಮ್ಮ ಅಂಗಳವನ್ನು ಟೇಪಿನಿಂದ ಅಳೆದು, ಒಂದು ಕಣ್ಣು ಮುಚ್ಚಿ ನೋಡಿ, "ಮ್ಯಾಮ್, ಇದನ್ನು ನಾವು ಔಟ್‌ಡೋರ್ ಲಿವಿಂಗ್ ಸ್ಪೇಸ್ ಮಾಡೋಣ" ಎಂದ.

"ಹಾಗಂದರೇನಪ್ಪಾ?" ಎಂದೆ.

"ಅಂದರೆ ನೀವೆಲ್ಲ ಹೊರಗೆ ಕೂತು ಫ್ಯಾಮಿಲಿ ಟೈಮ್ ಸ್ಪೆಂಡ್ ಮಾಡಬಹುದು. ಟೀ ಕುಡಿಯಬಹುದು, ಮಾತಾಡಬಹುದು."

ಅಯ್ಯೋ ಶಿವನೇ! ನಮ್ಮೂರಿನವರಿಗೆ ಹೊರಗೆ ಕೂರುವುದನ್ನು ಕಲಿಸಲು ಬೆಂಗಳೂರಿನಿಂದ ಜನ ಬರಬೇಕೆ? ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಹತ್ತು ಜನರ ಸಂಸಾರಕ್ಕೆ ಒಂದೇ ಕೋಣೆ. ಅಲ್ಲಿ ಬೆಳೆದವರು ಉಂಡದ್ದು ಹೊರಗೆ, ಓದಿದ್ದು ಹೊರಗೆ, ಜಗಳವಾಡಿದ್ದು ಹೊರಗೆ, ಬೇಸಿಗೆಯಲ್ಲಿ ಮಲಗಿದ್ದೂ ಹೊರಗೆ. ಅದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಅಂತ ಗೊತ್ತಿದ್ದಿದ್ದರೆ ಪಾಪ ಅವರೂ ಜಂಬ ಪಡುತ್ತಿದ್ದರು. ನಮ್ಮ ಅಂಗಳದಲ್ಲೂ ಅಷ್ಟೆ. ಅವರೆಕಾಯಿ ಕಾಲ ಬಂತೆಂದರೆ ಪಕ್ಕದ ಮನೆಯ ಸೆಲ್ವಿ ಅಕ್ಕ, ನಾನು, ನಮ್ಮತ್ತೆ ಮೂವರೂ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಸಿಪ್ಪೆ ಹಿತುಕುತ್ತಾ ಬೀದಿಯ ಸಮಾಚಾರವನ್ನೆಲ್ಲ ಮುಗಿಸುತ್ತಿದ್ದೆವು. ಇದನ್ನೆಲ್ಲ ಆ ಗಡ್ಡದವನಿಗೆ ಹೇಳಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ನಮ್ಮ ಯಜಮಾನರು ಕಣ್ಣರಳಿಸಿಕೊಂಡು, "ಲಾನ್ ಬೇಕು. ಏನಿಲ್ಲದಿದ್ದರೂ ಲಾನ್ ಇರಲೇಬೇಕು. ಬೆತ್ತದ ಕುರ್ಚಿ ಹಾಕಬೇಕು" ಎಂದು ಬಿಟ್ಟಿದ್ದರು.

ಕುಡಿಯುವ ನೀರಿಗೆ ಟ್ಯಾಂಕರಿನವನಿಗೆ ಫೋನು ಮಾಡಿ ಅಣ್ಣಾ, ತಮ್ಮಾ ಎಂದು ಗೋಗರೆಯುವ ಊರು ನಮ್ಮದು. ಇಲ್ಲಿ ಲಾನು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಸುಮ್ಮನೆ ಗಾದೆ ಮಾಡಿಲ್ಲ. ನಾನು ನೀರಿನ ಮಾತೆತ್ತಿದ ಕೂಡಲೇ ಡಿಸೈನರು ಚೀಲದಿಂದ ಅಂಗೈಯಷ್ಟು ಹಸಿರು ತುಂಡೊಂದನ್ನು ತೆಗೆದು, "ಇದಕ್ಕೆ ನೀರೇ ಬೇಡ ಮ್ಯಾಮ್" ಎಂದ. ಪ್ಲಾಸ್ಟಿಕ್ ಹುಲ್ಲು. ವಾರ ಕಳೆಯುವುದರೊಳಗೆ ಅದು ಸುರುಳಿ ಸುರುಳಿಯಾಗಿ ಬಂದು ಅಂಗಳದ ಉದ್ದಕ್ಕೂ ಹಾಸಿಕೊಂಡಿತು. ನಡುವೆ ಎರಡು ಬೆತ್ತದ ಕುರ್ಚಿ, ಒಂದು ಪುಟ್ಟ ಟೀಪಾಯಿ. ಸೆಲ್ವಿ ಅಕ್ಕ ಕಾಂಪೌಂಡಿನ ಮೇಲಿನಿಂದ ಇಣುಕಿ, "ಇದೆನ್ನಾ ಟೀಚರಮ್ಮ, ಯಾರ ಕಲ್ಯಾಣ ಮಂಟಪದ ಕಾರ್ಪೆಟ್ ಎತ್ಕೊಂಡ್ ಬಂದ್ಬಿಟ್ರಿ?" ಎಂದು ಕೇಳಿದಳು. ಎದುರು ಮನೆಯ ಹಸು ಗೇಟು ತೆರೆದಿದ್ದಾಗ ಒಳಗೆ ಬಂದು, ಒಂದು ಬಾಯಿ ಹಾಕಿ, ತಲೆಯೆತ್ತಿ ನಮ್ಮ ಯಜಮಾನರನ್ನು ನೋಡಿದ ನೋಟವಿದೆಯಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಹಾಗೆ ನೋಡಲು ಬಂದಿಲ್ಲ. ಬಿಸಿಲಿಗೆ ಅದು ಕಾದ ಕಾವಲಿಯಾಗುತ್ತಿತ್ತು. ಗಾಳಿ ಎದ್ದ ದಿನ ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದು ಆದ ಸೈನೈಡ್ ಗುಡ್ಡದ ಬಿಳಿ ಧೂಳು ಬಂದು ಕೂತು ತಲೆ ನರೆತ ಹಾಗೆ ಕಾಣುತ್ತಿತ್ತು. ಅದರ ಮೇಲೆ ಕೂತು ಅವರೆ ಹಿತುಕಿದರೆ ಬಿದ್ದ ಕಾಳು ಹಸಿರಿನಲ್ಲಿ ಹಸಿರಾಗಿ ಮಾಯವಾಗಿ, ಎರಡು ದಿನ ಕಳೆದ ಮೇಲೆ ಇರುವೆಗಳು ಹುಡುಕಿಕೊಡುತ್ತಿದ್ದವು.

ಇನ್ನು ನಮ್ಮತ್ತೆ. ಹೆಸರು ವೆಂಕಟಮ್ಮ. ಬಂಗಾರಪೇಟೆಯ ಹತ್ತಿರದ ಹಳ್ಳಿಯವರು. ಮಾವ ನಂದಿದುರ್ಗ ಗಣಿಗೆ ಸೇರಿದ ಮೇಲೆ ಲೈನಿಗೆ ಬಂದು ಸಂಸಾರ ಹೂಡಿದವರು. ಈಗ ಮಂಡಿ ಹಿಡಿದುಕೊಂಡಿದೆ, ಕಣ್ಣು ಮಂಜು. ಬಾಯಿ ಮಾತ್ರ ಹೊಸದರ ಹಾಗಿದೆ. ಬೆಳಕು ಹರಿಯುವ ಮುಂಚೆ ಎದ್ದು ಬಾಗಿಲ ಮುಂದೆ ಸಗಣಿ ನೀರು ಹಾಕಿ ರಂಗೋಲಿ ಎಳೆಯುವುದು ಅವರ ಕೆಲಸ. ಮಗ ಹುಲ್ಲು ಹಾಸಿದ ಮರುದಿನವೂ ಅವರು ಎಂದಿನಂತೆ ಎದ್ದರು, ಎದುರು ಮನೆಯಿಂದ ಸಗಣಿ ತಂದರು, ಬಕೆಟ್ಟಿನಲ್ಲಿ ಕಲಸಿದರು, ಮೊಗೆಮೊಗೆದು ಆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಎರಚಿದರು. ಅಷ್ಟೇ ಅಲ್ಲ, ಪೊರಕೆ ತೆಗೆದುಕೊಂಡು ಚೆನ್ನಾಗಿ ಸಾರಿಸಿದರು. ರೈಲಿಗೆ ಹೊರಟ ನಮ್ಮ ಯಜಮಾನರು ಬಾಗಿಲು ತೆರೆದವರು ಹಾಗೇ ನಿಂತುಬಿಟ್ಟರು.

"ಅಮ್ಮಾ! ಏನಮ್ಮ ಮಾಡ್ಬಿಟ್ಟೆ?"

"ಏನ್ ಮಾಡ್ದೆ? ಬಾಕ್ಲು ಮುಂದೆ ಸಾರಿಸ್ದೆ. ದಿನಾ ಸಾರಿಸ್ತೀನಲ್ಲಾ."

"ಇದು ಲಾನಮ್ಮ! ಇದಕ್ಕೆ ಸಗಣಿ ಹಾಕ್ತಾರಾ?"

"ಲಾನೋ ಗೀನೋ, ಬಾಕ್ಲು ಮುಂದೆ ತಾನೇ ಐತೆ? ಸಾರಿಸ್ದಿದ್ರೆ ಲಕ್ಷ್ಮಿ ಬಂದೋಳು ಅಂಗೇ ವಾಪಸ್ ಓಗ್ತಾಳೆ ಕಣ್ಲಾ. ಆದ್ರೆ ನಾಗಾ, ಈ ಉಲ್ಲು ಸರಿಯಿಲ್ಲ. ಎಷ್ಟ್ ಸಾರಿಸಿದ್ರೂ ಸಗಣಿ ಇಡ್ಕಳಾಕಿಲ್ಲ."

ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ದಿನಾ ಇದೇ ಕಥೆ. ಮಗ ಬೇಡವೆನ್ನುವುದು, ಅಮ್ಮ ಸಾರಿಸುವುದು. ಬೇಡವೆಂದ ಮಾತು ಅತ್ತೆಯ ಕಿವಿಗೆ ಬೀಳುತ್ತಿತ್ತು, ಕೈಗೆ ಬೀಳುತ್ತಿರಲಿಲ್ಲ. ಮದುವೆಯಾದಾಗಿನಿಂದ ನಡೆದುಬಂದ ಕೈ ಅದು. ಭಾನುವಾರ ಯಜಮಾನರು ಪೈಪು ಹಿಡಿದು ತೊಳೆಯುವರು. ನೀರೇ ಬೇಡದ ಹುಲ್ಲಿಗೆ ನಮ್ಮ ಸಂಪಿನ ನೀರೆಲ್ಲ ಖಾಲಿ. ಪ್ಲಾಸ್ಟಿಕ್ಕಿನ ಬುಡಕ್ಕೆ ಸೇರಿಕೊಂಡ ಸಗಣಿ ಬಿಸಿಲಿಗೆ ಬೆಂದು ಎಂಥ ವಾಸನೆ ಹೊಡೆಯಿತೆಂದರೆ, ಕೊರಿಯರಿನವನು ಗೇಟಿನಾಚೆಯಿಂದಲೇ ಸಾಮಾನು ಎಸೆದು ಹೋದ. ಕೊನೆಗೊಂದು ದಿನ ಯಜಮಾನರು ಸೋತು, ಹುಲ್ಲನ್ನು ಸುರುಳಿ ಸುತ್ತಿ ಟೈರುಗಳ ಪಕ್ಕದಲ್ಲಿ ಇಟ್ಟರು. ಅಬ್ಬಾ, ಪೀಡೆ ತೊಲಗಿತು ಎಂದು ನಾನು ಆ ದಿನ ಪಾಯಸ ಮಾಡಿದ್ದೆ.

ಪಾಯಸ ಮಾಡಲು ಅವಸರಪಟ್ಟೆ. ಮುಂದಿನ ಭಾನುವಾರ ಟೆಂಪೋ ಒಂದು ಬಂದು ನಿಂತಿತು. ಅದರ ತುಂಬ ಮಣ್ಣಿನ ಸಮೇತ ಕತ್ತರಿಸಿ ತಂದ ನಿಜವಾದ ಹುಲ್ಲು. ಈ ಸಲ ಬಾಗಿಲ ಮುಂದೆ ಸಾರಿಸಲು ಇಷ್ಟಗಲ ಜಾಗ ಬಿಟ್ಟು ಉಳಿದ ಕಡೆಗೆಲ್ಲ ಹಾಸಿಸಿದರು. ಅತ್ತೆ ಬಗ್ಗಿ ಒಂದು ಎಸಳು ಕಿತ್ತು, ಕಣ್ಣ ಹತ್ತಿರ ಹಿಡಿದು ನೋಡಿ, "ಅಯ್ಯೋ ನಿನ್ ಮನೆ ಕಾಯ, ಇದು ಗರಿಕೆ ಕಣ್ಲಾ! ನಮ್ಮಪ್ಪ ಸಾಯೋಗಂಟ ರಾಗಿ ಒಲದಾಗೆ ಇದನ್ನ ಕಿತ್ತು ಕಿತ್ತು ಬಿಸಾಕ್ದ. ನೀನು ಟೆಂಪೋ ಮಾಡ್ಕೊಂಡ್ ತಂದಿದೀಯಾ?" ಎಂದರು. ನಾನು ಇನ್ನೂ ಒಂದೆರಡು ಮಾತು ಸೇರಿಸಿದೆ. ಇಡೀ ಕೋಲಾರ ಜಿಲ್ಲೆಯ ರೈತರು ಬದುವಿನ ಮೇಲೆ ಕಿತ್ತು ಹಾಕುವುದನ್ನು ಕೊಂಡುಕೊಂಡು ತರುವ ಗಂಡಸು ನೀವೊಬ್ಬರೇ ಇರಬೇಕು ಎಂದೆ. ಮುಂದಿನ ವಾರ ಪಾರ್ಥೇನಿಯಂ ತರಿಸಿ, ಬೇಲಿಗೆ ಚೆನ್ನಾಗಿರುತ್ತದೆ ಎಂದೂ ಹೇಳಿದೆ. ಯಜಮಾನರು ಬೆತ್ತದ ಕುರ್ಚಿಯ ಧೂಳು ಒರೆಸಿ ಹುಲ್ಲಿನ ನಡುವೆ ಇಟ್ಟು, "ಅಮ್ಮಾ, ಬಾ, ಕೂತ್ಕೋ. ಟೀ ತರ್ತೀನಿ" ಎಂದರು.

ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ಹುಲ್ಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ತುಂಗೆ ಗಡ್ಡೆ ಕೀಳಲು ಶುರು ಮಾಡಿದರು. ಮಣ್ಣಿನ ಜತೆ ಬಂದ ಕಳೆ ಅದು. ಮೇಲೆ ಹುಲ್ಲಿನ ಹಾಗೇ ಇರುತ್ತದೆ, ಕೆಳಗೆ ಗಡ್ಡೆ ಬಿಡುತ್ತದೆ. ಮಗ ಟೀ ತಂದರೆ ಲೋಟ ಅಲ್ಲೇ ನೆಲದ ಮೇಲಿಟ್ಟುಕೊಂಡು ಕುಡಿದರು. ಮರುದಿನವೂ ಹಾಗೆ. ಅದರ ಮರುದಿನವೂ ಹಾಗೆ. ರಜಾ ದಿನಗಳಲ್ಲಿ ಇವರು ಕುರ್ಚಿಯನ್ನು ಅತ್ತೆಯ ಹಿಂದೆ ಹಿಂದೆ ಹೊತ್ತುಕೊಂಡು ಓಡಾಡುವುದು, ಅತ್ತೆ ಮಂಡಿ ಹಿಡಿದುಕೊಂಡು ನರಳುತ್ತಾ ಇನ್ನೊಂದು ಗಡ್ಡೆಯ ಕಡೆಗೆ ಸರಿಯುವುದು. ಡಾಕ್ಟರು ಕುಕ್ಕರುಗಾಲಲ್ಲಿ ಕೂರಲೇಬಾರದು ಎಂದಿದ್ದರು. ಸಂಜೆಗೆ ಮಂಡಿ ಊದಿ, ಮುಲಾಮು ಹಚ್ಚುವ ಕೆಲಸ ನನಗೆ ಬಂತು. ನನಗೆ ರೇಗಿಹೋಯಿತು. ಒಂದು ರಾತ್ರಿ ಊಟಕ್ಕೆ ಬಡಿಸುವಾಗ, "ಮುದುಕಿಯ ಕಾಲು ಮುರಿಯೋದಕ್ಕೇ ತಂದಿದ್ದೀರೋ ಈ ಹಾಳು ಹುಲ್ಲನ್ನ? ದೊರೆ ಥರ ಬೆತ್ತದ ಕುರ್ಚಿಯಲ್ಲಿ ಕೂರೋ ಶೋಕಿ ನಿಮಗಿದ್ದರೆ ನೀವೇ ಕೂತು ಸಾಯಿರಿ. ಅವರನ್ನ ಯಾಕೆ ಗೋಳು ಹೊಯ್ಕೊಳ್ತೀರಿ?" ಎಂದು ಕೂಗಾಡಿದೆ.

ಅವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಶೋಕಿ ನನಗಲ್ಲ ಕಣೇ" ಎಂದರು. ಆಮೇಲೆ ಹೇಳಿದ್ದು ಇಷ್ಟು. ಇವರು ಚಿಕ್ಕವರಿದ್ದಾಗ ಅತ್ತೆ ಗಣಿಯ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಲಾನಿನ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಬಿಳಿ ದೊರೆಗಳು ಹೋಗಿ ನಮ್ಮವರೇ ದೊರೆಗಳಾಗಿದ್ದ ಕಾಲ. ಒಮ್ಮೆ ಬಸುರಿ ಅತ್ತೆಗೆ ಬಿಸಿಲಿಗೆ ತಲೆ ತಿರುಗಿ, ಅಲ್ಲೇ ಇದ್ದ ಬೆತ್ತದ ಕುರ್ಚಿಯ ಮೇಲೆ ಕುಸಿದು ಕೂತರಂತೆ. ಒಳಗಿನಿಂದ ಬಂದ ದೊರೆಸಾನಿ ಬೈಯಲಿಲ್ಲವಂತೆ, ಹೊಡೆಯಲಿಲ್ಲವಂತೆ. ಆಳನ್ನು ಕರೆದು, ಅತ್ತೆಯನ್ನು ಎಬ್ಬಿಸಿ, ಆ ಕುರ್ಚಿಯನ್ನು ಅವರ ಕಣ್ಣೆದುರಿಗೇ ಸೋಪು ಹಾಕಿ ತೊಳೆಸಿದಳಂತೆ. ಗೇಟಿನ ಹತ್ತಿರ ಅಮ್ಮನಿಗಾಗಿ ಕಾಯುತ್ತಿದ್ದ ಮಗ ಅದನ್ನು ನೋಡಿದ್ದರು. "ಅಮ್ಮ ಮರ್ತಿರಬಹುದು. ನನಗೆ ಮರೆಯೋಕಾಗಿಲ್ಲ. ಒಂದು ಸಲ ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂರಿಸಿ, ಟೀ ಕೊಡಬೇಕು ಅಂತ ಇತ್ತು" ಎಂದು ಎದ್ದು ಕೈ ತೊಳೆಯಲು ಹೋದರು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ಬಾಟಲಿ, ಟೈರು, ಬುದ್ಧನ ತಲೆ ಎಂದು ಇಷ್ಟು ವರ್ಷ ಆಡಿಕೊಂಡು ನಕ್ಕ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಹಾಗಂತ ಬುದ್ಧನ ತಲೆ ಚೆನ್ನಾಗಿತ್ತು ಎಂದು ಮಾತ್ರ ನಾನು ಇವತ್ತಿಗೂ ಒಪ್ಪುವುದಿಲ್ಲ.

ಮರುದಿನ ಅತ್ತೆಯನ್ನು ನಾನೇ ಕೇಳಿದೆ. "ಅತ್ತೆ, ಮಗ ಅಷ್ಟು ಆಸೆಯಿಂದ ಕುರ್ಚಿ ಹಾಕ್ತಾರೆ. ಯಾಕೆ ಕೂರಲ್ಲ ನೀವು?"

ಅವರು ಮಣ್ಣು ಕೊಡವುತ್ತಾ, "ಕೂರ್ಬೌದಮ್ಮ. ಆದ್ರೆ ಆ ಉಲ್ಲಿನ ಮ್ಯಾಲೆ ಕುರ್ಚಿ ನೋಡಿದ್ರೆ, ಕೂತ್ರೆ ಯಾರಾನಾ ಬಂದು ಎಬ್ಬಿಸ್ತಾರೇನೋ ಅನ್ಸ್ತದೆ. ಕಳೆ ಕೀಳ್ತಾ ಇದ್ರೆ ಯಾರೂ ಏನೂ ಅನ್ನಾಕಿಲ್ಲ" ಎಂದರು.

ಅಂದರೆ ಅವರೂ ಮರೆತಿರಲಿಲ್ಲ. ನನಗೆ ಆ ದೊರೆಸಾನಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳು ಎದುರಿಗಿದ್ದಿದ್ದರೆ ನಮ್ಮ ಮನೆಯ ಸಗಣಿ ಬಕೆಟ್ಟನ್ನು ಅವಳ ತಲೆಯ ಮೇಲೆ ಸುರಿಯುತ್ತಿದ್ದೆ. ಅವಳಿಲ್ಲವಲ್ಲ, ಆ ಸಿಟ್ಟನ್ನು ತುಂಗೆ ಗಡ್ಡೆಯ ಮೇಲೆ ತೀರಿಸಿಕೊಳ್ಳೋಣ ಎಂದು ಹೊರಟೆ. ಹುಲ್ಲಿನಲ್ಲಿ ಕಳೆಯೇ ಇಲ್ಲದ ಹಾಗೆ ಮಾಡಿಬಿಟ್ಟರೆ ಅತ್ತೆಗೆ ಕೀಳಲು ಏನೂ ಉಳಿಯುವುದಿಲ್ಲ, ಆಗ ಕೂರಲೇಬೇಕಾಗುತ್ತದೆ. ಟೀಚರ ತಲೆ ನೋಡಿ, ಎಷ್ಟು ಚುರುಕು! ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಹಳೇ ಸೀರೆ ಉಟ್ಟು, ತಲೆಗೆ ಟವೆಲ್ ಸುತ್ತಿ, ಲಾನಿನಲ್ಲಿ ಕುಕ್ಕರುಗಾಲು ಹಾಕಿದೆ. ಎರಡು ಹಿಡಿ ಕಿತ್ತಿರಬಹುದು, ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು.

"ಅಯ್ಯೋ, ಅಯ್ಯೋ, ಏನಮ್ಮ ಅಂಗ್ ಕೀಳ್ತೀಯ? ಬರೀ ಎಲೆ ಕಿತ್ಬಿಟ್ರೆ ಆಯ್ತಾ? ಗಡ್ಡೆ ಒಳಗೇ ಐತೆ. ಒಂದ್ ಬಿಟ್ರೆ ನಾಳೀಕ್ ಅತ್ತು ಬತ್ತದೆ."

"ಹೇಗೆ ಕೀಳಬೇಕು ಹೇಳಿ ಮತ್ತೆ."

"ಬೆಳ್ಳು ಒಳೀಕ್ ಆಕು. ಬುಡ ಅಲ್ಲಾಡ್ಸು. ಅಂಗಲ್ಲ! ಅಯ್ಯೋ, ಅದು ಗರಿಕೆ ಕಣಮ್ಮ, ಅದನ್ ಯಾಕ್ ಕಿತ್ತೆ? ಈ ಕೈಯಾಗೆ ಇಸ್ಕೂಲಾಗೆ ಮಕ್ಳಿಗ್ ಏನ್ ಕಲಿಸ್ತೀಯಮ್ಮ ನೀನು?"

ಹೀಗೆ ಬೈಯುತ್ತಾ ಬೈಯುತ್ತಾ ಹತ್ತಿರ ಬಂದರು. ನಿಂತು ಬೈದರು, ಬಗ್ಗಿ ಬೈದರು, ಮಂಡಿ ನೋವೆಂದು ಏನನ್ನೋ ಹಿಡಿದುಕೊಂಡು ಬೈದರು. ಹಿಡಿದುಕೊಂಡದ್ದು ಬೆತ್ತದ ಕುರ್ಚಿ. ಬೈಯುವ ಭರದಲ್ಲಿ ಅದರ ಮೇಲೆ ಕೂತೇಬಿಟ್ಟರು. ನಾನು ಇನ್ನೊಂದು ತುಂಗೆಯನ್ನು ಬೇಕೆಂದೇ ತಪ್ಪಾಗಿ ಕಿತ್ತೆ. ಬೈಗುಳ ಮುಂದುವರಿಯಿತು. ಅವತ್ತು ರಜೆಯಿದ್ದ ಯಜಮಾನರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹೋಗಿ ತಾವೇ ಟೀ ಮಾಡಿ, ಪೆಟ್ಟಿಗೆಯಲ್ಲಿಟ್ಟಿದ್ದ ಪಿಂಗಾಣಿ ಕಪ್ಪು ಸಾಸರು ತೆಗೆದು ತಂದು ಅಮ್ಮನ ಕೈಗೆ ಕೊಟ್ಟರು. ಅತ್ತೆ ಸಾಸರಿಗೆ ಬಗ್ಗಿಸಿಕೊಂಡು ಸೊರ್ ಎಂದು ಹೀರಿದರು. ಯಜಮಾನರು ಕಣ್ಣೊರೆಸಿಕೊಂಡು, ಧೂಳು ಎಂದರು. ನನಗೂ ಧೂಳು ಬಿದ್ದಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ತುಂಗೆ ಮುಗಿಯುವ ಕಳೆಯಲ್ಲ, ಕುರ್ಚಿಯ ರುಚಿಯೂ ಹತ್ತಿದ ಮೇಲೆ ಬಿಡುವಂಥದ್ದಲ್ಲ. ಈಗ ದಿನಾ ಸಂಜೆ ನಾನು ಶಾಲೆಯಿಂದ ಬರುವುದನ್ನೇ ಅತ್ತೆ ಕಾಯುತ್ತಿರುತ್ತಾರೆ. ಹುಲ್ಲಿನ ನಡುವೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಅಲ್ಲೊಂದು ಐತೆ, ಇಲ್ಲೊಂದು ಐತೆ ಎಂದು ಬೆರಳು ತೋರಿಸುತ್ತಾರೆ. ಮಂಜುಗಣ್ಣಿಗೆ ಸೂಜಿ ಪೋಣಿಸಲು ಆಗುವುದಿಲ್ಲ. ತುಂಗೆ ಮಾತ್ರ ಗೇಟಿನವರೆಗೂ ಕಾಣುತ್ತದೆ. ನಾನು ಸರಿಸರಿದು ಕೀಳುತ್ತೇನೆ. ನೀವೂ ಬನ್ನಿ ಎಂದು ರಜಾದಿನ ಯಜಮಾನರನ್ನು ಕರೆದರೆ, ತುಂಗೆ ಗಡ್ಡೆ ನಿರ್ಮೂಲನದ ವಿಡಿಯೋ ನೋಡುತ್ತಿದ್ದೇನೆ, ತಾಳು ಎನ್ನುತ್ತಾರೆ.

ಮೊನ್ನೆ ಹೀಗೇ ತಲೆಗೆ ಟವೆಲ್ ಸುತ್ತಿಕೊಂಡು, ಕಾಂಪೌಂಡಿಗೆ ಬೆನ್ನು ಹಾಕಿ ಕೂತು ಕೀಳುತ್ತಿದ್ದೆ. ಆಚೆಯಿಂದ, ಅತ್ತೆಯನ್ನು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ ಎಂದು ಕರೆಯುವ ಸೆಲ್ವಿ ಅಕ್ಕನ ದನಿ ಬಂತು.

"ಏನ್ ಪಾಟೀ, ಕಳೆ ಕೀಳೋಕೆ ಆಳು ಸಿಕ್ಬಿಟ್ಳಾ? ನಮ್ ಮನೇಗೂ ಒಂದ್ ದಿನ ಕಳ್ಸಿ ಪಾಟೀ."

ನಾನು ತಿರುಗಿ ನೋಡುವ ಮುಂಚೆಯೇ ಅತ್ತೆ ಸಾಸರಿನಿಂದ ಒಂದು ಗುಟುಕು ಹೀರಿ, ಕುರ್ಚಿಗೆ ಒರಗಿಕೊಂಡು ಹೇಳಿದರು:

"ಕಳಿಸ್ತೀನಮ್ಮ, ಕಳಿಸ್ದೆ ಏನು? ಇನ್ನೊಂದಷ್ಟ್ ದಿನ ಓಗ್ಲಿ. ಈಗಿನ್ನೂ ಕಲೀತಾ ಅವ್ಳೆ."